ಸವೆದ ಸ್ಕೇಲು

‘ಸ್ಕೇಲು ಮೇಡಂ’ ಎಂಬ ಹೆಸರನ್ನು ಯಾವ ಬ್ಯಾಚಿನ ಯಾವ ತರಲೆ ಇಟ್ಟನೋ ಯಾರಿಗೂ ನೆನಪಿಲ್ಲ. ಇಟ್ಟವನು ಪಾಸಾಗಿ ಹೋದ, ಹೆಸರು ಮಾತ್ರ ವಿಭಾಗದಲ್ಲೇ ಠಿಕಾಣಿ ಹೂಡಿತು. ಯೂರೋಪಿನ ಪುನರುಜ್ಜೀವನ ಕಾಲದ ಸಾಹಿತ್ಯ ಪಾಠ ಮಾಡುವವರ ಕೈಚೀಲದಲ್ಲಿ ಒಂದು ಕವನದ ಪುಸ್ತಕವಾದರೂ ಇರಬೇಕು ತಾನೆ? ಇವರ ಚೀಲದಲ್ಲಿ ಇರುತ್ತಿದ್ದದ್ದು ಮರದ ಸ್ಕೇಲು, ಒಂದು ಲೆನ್ಸು, ರಬ್ಬರ್ ಬ್ಯಾಂಡು ಹಾಕಿದ ಬಿಳಿ ಕಾರ್ಡುಗಳು. ಕವಿ ತನ್ನ ಪ್ರೇಯಸಿಯ ಕಣ್ಣನ್ನು ವರ್ಣಿಸುವ ಸಾಲು ಬಂದಾಗ ತರಗತಿಯೆಲ್ಲ ನಿಟ್ಟುಸಿರು ಬಿಟ್ಟರೆ, ಇವರು ಆ ಪುಟದ ಇಪ್ಪತ್ತು ಸಾಲು ಸೇರಿ ಎಷ್ಟು ಎತ್ತರ ಎಂದು ಅಳೆಯಲು ಹೊರಡುತ್ತಿದ್ದರು. “ಮೇಡಂಗೆ ಕವಿ ಬೇಡ, ಕವಿಯ ಎತ್ತರ ಸಾಕು” ಎಂದು ಹುಡುಗರು ನಗುತ್ತಿದ್ದರು. ಮೇಡಂ ಕೂಡ ನಗುತ್ತಿದ್ದರು.

ಆ ಅಳತೆಯ ಹಿಂದೆ ಇಪ್ಪತ್ತೆರಡು ವರ್ಷದ ಕೆಲಸವಿತ್ತು. ನಾಲ್ಕೂವರೆ ಶತಮಾನದ ಹಿಂದೆ ಒಂದಷ್ಟು ಕಾವ್ಯಗಳೂ ನಾಟಕಗಳೂ ಅಚ್ಚು ಹಾಕಿದವರ ನಿಜವಾದ ಹೆಸರಿಲ್ಲದೆ ಹೊರಬಂದಿದ್ದವು. ಅರಸನ ಕೋಪಕ್ಕೆ ಹೆದರಿ ಕೆಲವುಗಳಲ್ಲಿ ಹೆಸರನ್ನೇ ಬಿಟ್ಟಿದ್ದರು, ಕೆಲವುಗಳಲ್ಲಿ ಸತ್ತವರ ಹೆಸರು ಹಾಕಿದ್ದರು. ಅವೆಲ್ಲ ಹತ್ತಾರು ಬೇರೆ ಬೇರೆ ಮುದ್ರಣಾಲಯಗಳ ಕೆಲಸ ಎಂದು ಪಂಡಿತರು ಬರೆದಿಟ್ಟು ಕೈತೊಳೆದುಕೊಂಡಿದ್ದರು. ಮೇಡಂ ನಂಬಲಿಲ್ಲ. ಮನುಷ್ಯ ಸುಳ್ಳು ಹೇಳಬಹುದು, ಸೀಸದ ಅಚ್ಚುಮೊಳೆ ಹೇಳುವುದಿಲ್ಲ. ಇಪ್ಪತ್ತು ಸಾಲಿನ ಎತ್ತರ ಅಳೆದರೆ ಮೊಳೆಯ ಗಾತ್ರ ಗೊತ್ತಾಗುತ್ತದೆ, ಗಾತ್ರದಿಂದ ಮುದ್ರಣಾಲಯದ ಗುರುತು ಸಿಗುತ್ತದೆ. ಒಂದು ಮೊಳೆಯ ಕಾಲು ಮುರಿದರೆ, ಅದನ್ನು ಕರಗಿಸುವವರೆಗೂ ಅದು ಬಂದ ಪುಟದಲ್ಲೆಲ್ಲ ಮುರಿದ ಕಾಲೇ ಬರುತ್ತದೆ. ಅಂಥ ಒಂದು ಅಕ್ಷರ ಮೇಡಂ ಕಣ್ಣಿಗೆ ಬಿದ್ದಿತ್ತು. ಬಲಗಾಲು ಮೋಟಾದ ದೊಡ್ಡಕ್ಷರ. ಮನೆಯಲ್ಲಿ ಅದಕ್ಕೆ ಮೋಟಪ್ಪ ಎಂದೇ ಹೆಸರು. ಡ್ರಾಯಿಂಗ್ ಮೇಷ್ಟ್ರಾಗಿದ್ದ ಯಜಮಾನರು ಫೋಟೋ ನೋಡಿಕೊಂಡು ಒಂದೊಂದು ಕಾರ್ಡಿನಲ್ಲೂ ಮೋಟಪ್ಪನನ್ನು ದೊಡ್ಡದಾಗಿ ಬರೆದುಕೊಡುತ್ತಿದ್ದರು. ರಜೆ ಬಂದಾಗಲೆಲ್ಲ ಊರೂರಿನ ಗ್ರಂಥಾಲಯ ಸುತ್ತಿ ಮೇಡಂ ಅವನನ್ನು ನಲವತ್ಮೂರು ಪುಸ್ತಕಗಳಲ್ಲಿ ಹಿಡಿದಿದ್ದರು. ನಲವತ್ಮೂರೂ ಒಂದೇ ಮುದ್ರಣಾಲಯದವು. ನಡೆಸಿದವಳು ಒಬ್ಬ ವಿಧವೆ. ಆಕೆಯ ಉಯಿಲಿನಲ್ಲಿ ‘ಬಿರುಕು ಬಿಟ್ಟ ಹೂಬಳ್ಳಿಯ ಮರದಚ್ಚು ಒಂದು’ ಎಂಬ ಸಾಲಿತ್ತು. ಅದೇ ಬಿರುಕು ಹನ್ನೊಂದು ಪುಸ್ತಕಗಳ ಮೊದಲ ಪುಟದಲ್ಲಿತ್ತು.

ಇಷ್ಟು ಗೊತ್ತಿದ್ದೂ ಮೇಡಂ ಪುಸ್ತಕ ಬರೆದಿರಲಿಲ್ಲ. ನಲವತ್ನಾಲ್ಕನೆಯದು ಸಿಗಲಿ, ಆಮೇಲೆ ಬರೆಯೋಣ ಎಂದು ಎಂಟು ವರ್ಷದಿಂದ ಮುಂದೂಡುತ್ತಲೇ ಬಂದಿದ್ದರು. ಕಾರ್ಡುಗಳೆಲ್ಲ ಮೂರು ತಗಡಿನ ಡಬ್ಬಿಗಳಲ್ಲಿ ಮಲಗುವ ಕೋಣೆಯ ಬೀರುವಿನ ಮೇಲೆ ಕೂತಿದ್ದವು.

ಇನ್ನು ಸ್ಕೇಲಿನ ಗುಟ್ಟು. ಅದು ಮೇಡಂ ಅಪ್ಪನದು. ಅಪ್ಪ ಪುಸ್ತಕ ಬೈಂಡು ಮಾಡುತ್ತಿದ್ದವರು. ಅವರ ಬೆರಳು, ಅಂಟು, ಚಾಕುವಿನ ಉಜ್ಜಾಟ ಎಲ್ಲ ತಿಂದು ಸ್ಕೇಲು ಕಪ್ಪಗಾಗಿತ್ತು. ಕೆಲಸ ಶುರುಮಾಡಿದ ಆರನೆಯ ವರ್ಷ, ಒಂದು ಗ್ರಂಥಾಲಯದವರು ಕೊಟ್ಟ ಹೊಸ ಪ್ಲಾಸ್ಟಿಕ್ ಸ್ಕೇಲಿನ ಪಕ್ಕ ಇದನ್ನಿಟ್ಟಾಗ ಮೇಡಂಗೆ ಗುಟ್ಟು ಗೊತ್ತಾಯಿತು. ಸೊನ್ನೆಯ ಕಡೆಯ ತುದಿ ಒಂದು ಮಿಲಿಮೀಟರು ಸವೆದುಹೋಗಿತ್ತು. ಆವರೆಗೆ ಅಳೆದ ಆರುನೂರು ಕಾರ್ಡಿನಲ್ಲೂ ಒಂದೊಂದು ಮಿಲಿಮೀಟರು ಹೆಚ್ಚು! ಅತ್ತು, ಮುಖ ತೊಳೆದುಕೊಂಡು, ಅವರು ಒಂದು ತೀರ್ಮಾನಕ್ಕೆ ಬಂದರು. ಅರ್ಧ ಕಾರ್ಡು ಒಂದು ಸ್ಕೇಲಿನದು, ಅರ್ಧ ಇನ್ನೊಂದರದು ಆದರೆ ಗೊಂದಲ. ಕೊನೆಯವರೆಗೂ ಇದರಲ್ಲೇ ಅಳೆಯುವುದು, ಪುಸ್ತಕ ಬರೆಯುವಾಗ ಎಲ್ಲದರಿಂದಲೂ ಒಂದು ಕಳೆಯುವುದು.

ಇದನ್ನು ಅವರು ತಮ್ಮ ಗುರುಗಳಿಗೆ ಹೇಳಲಿಲ್ಲ. ಗುರುಗಳು ಈ ವಿದ್ಯೆಗೆ ಮೇಡಂ ಕೈಹಿಡಿದು ತಂದವರು, ನೌಕರಿ ಕೊಡಿಸಿದವರು, ಅಪ್ಪನ ಅಂಗಡಿಗೆ ಬಂದು ಪುಸ್ತಕ ಬೈಂಡು ಮಾಡಿಸಿಕೊಳ್ಳುತ್ತಿದ್ದವರು, ಮದುವೆಯಲ್ಲಿ ಅಪ್ಪನ ಪಕ್ಕ ನಿಂತವರು. “ಅಳತೆ ತಪ್ಪಿದವನ ನಡತೆಯೂ ತಪ್ಪುತ್ತದೆ” ಎಂದು ಪಾಠ ಹೇಳುತ್ತಿದ್ದ ಮನುಷ್ಯನ ಮುಂದೆ, ಆರು ವರ್ಷ ತಪ್ಪಳತೆ ಮಾಡಿದೆ ಎಂದು ಹೇಗೆ ಬಾಯಿಬಿಡುವುದು? ನಾಚಿಕೆಯಾಗಿ ನುಂಗಿಕೊಂಡರು. ಯಜಮಾನರಿಗೂ ಹೇಳಲಿಲ್ಲ. ಹೇಳಿದ್ದು ಒಬ್ಬನಿಗೆ, ಸಂಶೋಧನೆಗೆ ಸೇರಿದ ಶಿಷ್ಯನಿಗೆ. ಸೋಡಾಬುಡ್ಡಿ ಕನ್ನಡಕದ ಅವನನ್ನು ಎಲ್ಲರೂ ಭೂತಗನ್ನಡಿ ಎನ್ನುತ್ತಿದ್ದರು. ಮೊದಲ ದಿನವೇ ಅವನಿಗೆ ಸ್ಕೇಲು ಕೊಟ್ಟು, “ನೋಡೋ, ಇದರಲ್ಲಿ ಅಳೆದ್ರೆ ಒಂದು ಕಳೀಬೇಕು. ಕಾರ್ಡಲ್ಲಿ ಕಳೀಬೇಡ, ಬರೆಯುವಾಗ ಕಳಿ” ಎಂದಿದ್ದರು. ಆರು ವರ್ಷ ಜೊತೆಗಿದ್ದು ಅವನು ಈಗ ಗುರುಗಳು ನಡೆಸುತ್ತಿದ್ದ ಸಂಶೋಧನಾ ಸಂಸ್ಥೆಯಲ್ಲಿ ಸಹಾಯಕನಾಗಿದ್ದ.

ಒಂದು ಸೋಮವಾರ ಬೆಳಿಗ್ಗೆ ವಿಭಾಗಕ್ಕೆ ಅಂಚೆಯವನು ಒಂದು ದಪ್ಪ ಪಾರ್ಸೆಲು ತಂದುಕೊಟ್ಟ. ಬಿಚ್ಚಿದರೆ ಹೊಸ ಪುಸ್ತಕ. ರಟ್ಟಿನ ಮೇಲೆ ಬಿರುಕು ಬಿಟ್ಟ ಹೂಬಳ್ಳಿ. ಅದರ ಕೆಳಗೆ ಗುರುಗಳ ಹೆಸರು. ಒಳಗೆ ಅವರ ಕೈಬರಹ: ‘ಪ್ರೀತಿಯ ಶಿಷ್ಯೆಗೆ, ಆಶೀರ್ವಾದಗಳೊಂದಿಗೆ.’ ಜೊತೆಗೊಂದು ಚೀಟಿ. ಬರುವ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಬಿಡುಗಡೆ, ಪುಸ್ತಕದ ಬಗ್ಗೆ ನೀನೇ ಮಾತಾಡಬೇಕು, ಬೇರೆ ಯಾರಿಗೆ ಅರ್ಥವಾದೀತು?

ಮೇಡಂ ನಿಂತುಕೊಂಡೇ ಪುಟ ತಿರುವಿದರು. ವಿಧವೆ ಇದ್ದಳು. ಉಯಿಲು ಇತ್ತು. ನಲವತ್ಮೂರು ಪುಸ್ತಕಗಳೂ ಇದ್ದವು, ಅದೂ ಕಾಲಾನುಕ್ರಮದಲ್ಲಿ ಅಲ್ಲ, ಮೇಡಂ ಯಾವ ರಜೆಯಲ್ಲಿ ಯಾವ ಊರಿಗೆ ಹೋಗಿದ್ದರೋ ಅದೇ ಅನುಕ್ರಮದಲ್ಲಿ! ಗುರುಗಳು ಆ ಊರುಗಳಲ್ಲಿ ಅರ್ಧಕ್ಕರ್ಧ ನೋಡಿಯೇ ಇರಲಿಲ್ಲ. ಯಜಮಾನರು ಬರೆದ ಮೋಟಪ್ಪನ ಚಿತ್ರಗಳು ಸಾಲಾಗಿ ನಿಂತಿದ್ದವು. ಕೃತಜ್ಞತೆಯ ಪುಟದಲ್ಲಿ ‘ಅನೇಕ ಶಿಷ್ಯರು, ಮಿತ್ರರು’ ಎಂದಿತ್ತು. ಮೇಡಂ ಹೆಸರಿನ ಸುಳಿವೂ ಇರಲಿಲ್ಲ.

ಮೇಡಂ ಪುಸ್ತಕ ಮುಚ್ಚಿದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆದರೆ ಬೀರುವಿನ ಮೇಲಿನ ಹೊಲಕ್ಕೆ ಬೇಲಿಯನ್ನು ಬಿಟ್ಟವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಲು ಮೇಡಂಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಅವರ ಮನೆಯಲ್ಲಿ ಉಂಡು ಈಗ ಗುರುಗಳ ಬಳಿ ಸಂಬಳ ಎಣಿಸುತ್ತಿರುವವನು ಒಬ್ಬನೇ.

ಫೋನು ಮಾಡಿದ್ದಕ್ಕೆ ಭೂತಗನ್ನಡಿ ಮಧ್ಯಾಹ್ನವೇ ಓಡಿಬಂದ. ಬಾಗಿಲಲ್ಲೇ ನಿಲ್ಲಿಸಿ ಮೇಡಂ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು.

“ಎಷ್ಟಕ್ಕೆ ಮಾರಿದೆಯೋ?”

“ಮೇಡಂ, ನಂಗೂ ಹೋದ ವಾರಾನೇ ಗೊತ್ತಾಗಿದ್ದು. ಹಸ್ತಪ್ರತಿ ಯಾರಿಗೂ ತೋರಿಸ್ಲಿಲ್ಲ ಅವರು. ನಾನೇ ನಿಮಗೆ ಹೇಳೋಣ ಅಂತ...”

“ಬಾಯಿ ಮುಚ್ಚು! ಉಂಡ ಮನೆಗೆ ಎರಡು ಬಗೆದವನು ನೀನು. ಕಾರ್ಡು ಹೇಗೆ ಓದೋದು ಅಂತ ಕಲಿಸಿಕೊಟ್ಟೆನಲ್ಲ, ನನಗೆ ಬುದ್ಧಿ ಇರ್ಲಿಲ್ಲ.”

ಪಕ್ಕದ ಕೋಣೆಗಳ ಬಾಗಿಲು ಒಂದೊಂದಾಗಿ ತೆರೆದುಕೊಂಡವು. ಹುಡುಗನ ಮುಖ ಕೆಂಪಾಯಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ಅಳತೆಗಳನ್ನ ನೋಡಿದ್ರಾ ಮೇಡಂ?” ಎಂದ.

“ಇನ್ನೇನು ನೋಡೋದಿದೆ? ಹೋಗು. ಇನ್ನು ನನ್ನ ಕಣ್ಣಿಗೆ ಬೀಳ್ಬೇಡ.”

ಅವನು ಹೋದ. ಅಳತೆ ಎಂಬ ಮಾತು ಮಾತ್ರ ಕೋಣೆಯಲ್ಲೇ ಉಳಿದು ಮೇಡಂ ತಲೆ ತಿನ್ನತೊಡಗಿತು. ಸಂಜೆ ಮನೆಗೆ ಹೊರಟವರು ದಾರಿ ಬದಲಿಸಿ ವಿಶ್ವವಿದ್ಯಾಲಯದ ಹಳೆಯ ಪುಸ್ತಕಗಳ ಕೋಣೆಗೆ ಹೋದರು. ನಲವತ್ಮೂರರಲ್ಲಿ ಒಂದು ಅಲ್ಲೇ ಇತ್ತು. ಪುಸ್ತಕವನ್ನು ಸ್ಪಂಜಿನ ದಿಂಬಿನ ಮೇಲೆ ಬಿಡಿಸಿಟ್ಟು, ಕೋಣೆಯ ಪ್ಲಾಸ್ಟಿಕ್ ಸ್ಕೇಲು ತೆಗೆದುಕೊಂಡು ಇಪ್ಪತ್ತು ಸಾಲು ಅಳೆದರು. ಎಂಬತ್ತೆರಡು ಮಿಲಿಮೀಟರು. ಗುರುಗಳ ಪುಸ್ತಕದಲ್ಲಿ ಎಂಬತ್ಮೂರು.

ಗುರುಗಳ ಪಟ್ಟಿಯಲ್ಲಿ ಮುಂದಿನದು ನೋಡಿದರು, ಅದರ ಮುಂದಿನದು ನೋಡಿದರು. ಪ್ರತಿಯೊಂದರ ನಿಜವಾದ ಅಳತೆ ಅವರಿಗೆ ಬಾಯಿಪಾಠ. ನಲವತ್ಮೂರಕ್ಕೆ ನಲವತ್ಮೂರೂ ಒಂದು ಮಿಲಿಮೀಟರು ಹೆಚ್ಚು. ಕಾರ್ಡಿನಲ್ಲಿದ್ದದ್ದು ಇದ್ದ ಹಾಗೇ ಅಚ್ಚಾಗಿತ್ತು. ಕದ್ದವರಿಗೆ ಕಳೆಯಬೇಕೆಂದು ಗೊತ್ತಿರಲಿಲ್ಲ. ಭೂತಗನ್ನಡಿ ಕೊಟ್ಟಿದ್ದರೆ ಅದನ್ನೂ ಹೇಳಿಯೇ ಕೊಡುತ್ತಿದ್ದ. ಎಲ್ಲರ ಎದುರು ಕಳ್ಳ ಎನ್ನಿಸಿಕೊಂಡು ಹೋದವನು ಕಳ್ಳನಲ್ಲ. ಮೇಡಂ ಅಲ್ಲಿಂದಲೇ ಫೋನು ಮಾಡಿದರು. ಅವನು ಎತ್ತಲಿಲ್ಲ. ಮಂಗಳವಾರ ನಾಲ್ಕು ಸಲ, ಬುಧವಾರ ಎರಡು ಸಲ ಮಾಡಿದರು. ಎತ್ತಲಿಲ್ಲ. ಏಕೆ ಎತ್ತಬೇಕು?

ಗುರುವಾರ ರಜೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮೇಡಂ ಮೊದಲ ಬಾರಿಗೆ ಯಜಮಾನರಿಗೆ ಪುಸ್ತಕ ತೋರಿಸಿದರು. ಅಲ್ಲಿಯವರೆಗೆ ತೋರಿಸದೆ ಇದ್ದದ್ದು ಅವರ ಮೇಲಿನ ಕನಿಕರಕ್ಕೆ. ಪಾಪ, ಇವರ ಚಿತ್ರಗಳನ್ನೂ ಕದ್ದಿದ್ದಾರಲ್ಲ, ಎಷ್ಟು ನೊಂದುಕೊಳ್ಳುತ್ತಾರೋ ಎಂದು.

“ನೋಡ್ರೀ, ನಿಮ್ಮ ಮೋಟಪ್ಪ. ನಿಮ್ಮ ಹೆಸರೂ ಹಾಕಿಲ್ಲ.”

ಯಜಮಾನರು ಸಾಮಾನ್ಯ ಮನುಷ್ಯರಲ್ಲ. ಹಾಲು ಉಕ್ಕಿದರೆ ಮನೆ ಎದ್ದು ಕೂರುವಂತೆ ಕೂಗುವವರು, ಪೇಪರು ಹತ್ತು ನಿಮಿಷ ತಡವಾದರೆ ಸರ್ಕಾರವನ್ನೇ ಬೈಯುವವರು. ಶಾಲೆಯ ಗೋಡೆಗೆ ಬರೆದ ಚಿತ್ರದ ಕೆಳಗೆ ತಮ್ಮ ಸಹಿ ಅಳಿಸಿದರೆಂದು ಒಂದು ತಿಂಗಳು ಹೆಡ್‌ಮಾಸ್ಟರ ಜೊತೆ ಮಾತು ಬಿಟ್ಟವರು. ಅಂಥವರು ಪುಟ ತಿರುಗಿಸಿ, “ಚೆನ್ನಾಗೇ ಅಚ್ಚಾಗಿದೆ” ಎಂದು ತಟ್ಟೆಯ ಕಡೆ ಕಣ್ಣು ತಗ್ಗಿಸಿದರು.

ಕೋಪ ಬರಲಿಲ್ಲ. ಅಷ್ಟೇ ಸಾಕಾಯಿತು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಇನ್ನು ಸಾಕ್ಷಿ ಬೇಕೇ?

“ಯಾವಾಗ ಕೊಟ್ರಿ?” ಎಂದರು ಮೇಡಂ.

ಯಜಮಾನರು ಅನ್ನವನ್ನು ತಟ್ಟೆಯ ಅಂಚಿಗೆ ಒತ್ತರಿಸಿದರು.

“ನೀನು ಆಸ್ಪತ್ರೇಲಿದ್ದಾಗ. ಏಳು ವರ್ಷ ಆಯ್ತು. ಹೊಟ್ಟೆ ಆಪರೇಷನ್ನು, ಡಾಕ್ಟ್ರು ಏನೂ ಹೇಳಕ್ಕಾಗಲ್ಲ ಅಂದಿದ್ರು. ನಿಮ್ಮ ಸಾರ್ ನೋಡಕ್ಕೆ ಬಂದಿದ್ರು. ನನ್ನ ಕೈ ಹಿಡ್ಕೊಂಡು ಅತ್ರು. ಇವಳ ಕೆಲಸ ಇವಳ ಜೊತೇಲೇ ಮಣ್ಣಾಗಬಾರದು, ಪ್ರತಿ ಮಾಡಿಸಿ ಇಟ್ಟಿರ್ತೀನಿ ಅಂದ್ರು. ಡಬ್ಬಿ ತಗೊಂಡು ಹೋಗಿ ನಾಲ್ಕು ದಿನಕ್ಕೆ ವಾಪಸ್ ಕಳಿಸಿದ್ರು. ನಾನು ಒಳ್ಳೇದಕ್ಕೇ...”

“ನಾನು ಸತ್ತೆ ಅಂತ ತಿಳ್ಕೊಂಡ್ರಿ.”

“ಹಾಗಲ್ಲ ಕಣೇ.”

“ಮತ್ತೆ ನಾನು ಬದುಕಿ ಮನೆಗೆ ಬಂದ್ನಲ್ಲ? ಆಗ ಯಾಕೆ ಹೇಳ್ಲಿಲ್ಲ?”

“ಬೇಜಾರು ಮಾಡ್ಕೋತೀಯ ಅಂತ. ಆಮೇಲೆ... ನನ್ನ ಚಿತ್ರ ಒಂದು ಪುಸ್ತಕದಲ್ಲಿ ಬರುತ್ತೆ ಅಂದಿದ್ರು ಸಾರ್. ನೀನಂತೂ ಬರೀತಾ ಇರ್ಲಿಲ್ಲ. ಈ ಜನ್ಮದಲ್ಲಿ ಅದು ಅಚ್ಚಾಗುತ್ತೆ ಅಂತ ನಂಗೆ ಅನಿಸಿರ್ಲಿಲ್ಲ.”

ಬರೀತಾ ಇರ್ಲಿಲ್ಲ ಎಂಬ ಮಾತು ಸುಳ್ಳಲ್ಲ. ಅದಕ್ಕೇ ಅದು ಹೆಚ್ಚು ಉರಿಯಿತು. ಏಳು ವರ್ಷ ಈ ಮನುಷ್ಯ ಅದೇ ಬೀರುವಿನ ಕೆಳಗೆ ಮಲಗಿ ಎದ್ದಿದ್ದಾರೆ. ಮೋಟಪ್ಪ ಹೇಗಿದ್ದಾನೆ ಎಂದು ತಮಾಷೆ ಮಾಡಿದ್ದಾರೆ. ಕಾಯಿಲೆಯವಳ ಉಸಿರು ನಿಲ್ಲುವ ಮೊದಲೇ ಅವಳ ಹದಿನೈದು ವರ್ಷದ ಕೆಲಸವನ್ನು ಇಬ್ಬರು ಗಂಡಸರು ಕೈ ಹಿಡಿದುಕೊಂಡು ಅತ್ತು ಹಂಚಿಕೊಂಡಿದ್ದರು.

“ಹೋಗ್ಲಿ ಬಿಡು. ಎಂಬತ್ತೆರಡು ವರ್ಷದ ಮುದುಕ, ಎಷ್ಟು ದಿನ ಇರ್ತಾರೆ? ಶನಿವಾರ ನಾಲ್ಕು ಒಳ್ಳೇ ಮಾತು ಆಡಿ ಬಂದ್ಬಿಡು,” ಎಂದರು ಯಜಮಾನರು.

“ಆಡ್ತೀನಿ,” ಎಂದು ಮೇಡಂ ತಟ್ಟೆ ಎತ್ತಿಕೊಂಡು ಎದ್ದರು.

ಶನಿವಾರ ಸಂಸ್ಥೆಯ ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಗುರುಗಳು ಬಿಳಿ ಬಟ್ಟೆಯಲ್ಲಿ ಬೆಳಗುತ್ತಿದ್ದರು. ಮೇಡಂ ಕಂಡೊಡನೆ, “ಬಾ ಮಗಳೇ, ನಿನ್ನನ್ನೇ ಕಾಯ್ತಿದ್ದೆ” ಎಂದು ತಲೆ ನೇವರಿಸಿದರು. ಆ ಕೈಯಲ್ಲಿ ಅಳುಕಿನ ಒಂದು ಎಳೆಯಾದರೂ ಇರಬಹುದೇ ಎಂದು ಮೇಡಂ ಹುಡುಕಿದರು. ಇರಲಿಲ್ಲ. ಈ ಮನುಷ್ಯ ಅದು ತನ್ನದೇ ಎಂದು ನಂಬಿಬಿಟ್ಟಿದ್ದಾರೆ ಎನ್ನಿಸಿತು. ಮೂರನೆಯ ಸಾಲಿನಲ್ಲಿ ಯಜಮಾನರು ಪಕ್ಕದ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಹೆಂಡತಿಗೆ ಜಾಗ ಹಿಡಿದಿದ್ದರು. ಕಟ್ಟಕಡೆಯ ಸಾಲಿನಲ್ಲಿ ಭೂತಗನ್ನಡಿ ಕೂತಿದ್ದ. ಮೇಡಂ ಅತ್ತ ನೋಡಿದಾಗ ಮುಖ ತಿರುಗಿಸಿದ.

ಮೇಡಂ ಮೈಕಿನ ಮುಂದೆ ನಿಂತು ಚೀಲದಿಂದ ಸ್ಕೇಲು ತೆಗೆದರು. ಹಳೆಯ ವಿದ್ಯಾರ್ಥಿಗಳು ಕಿಸಕ್ಕೆಂದರು.

“ಈ ಪುಸ್ತಕ ಓದೋವ್ರಿಗೆ ನಾನು ಒಂದೇ ಒಂದು ಮಾತು ಹೇಳ್ತೀನಿ. ಇದರಲ್ಲಿರೋ ಅಳತೆಗಳೆಲ್ಲ ಒಂದೊಂದು ಮಿಲಿಮೀಟರು ಜಾಸ್ತಿ ಇವೆ. ನಲವತ್ಮೂರೂ. ಗ್ರಂಥಾಲಯಕ್ಕೆ ಹೋಗಿ ಯಾರು ಬೇಕಾದ್ರೂ ಅಳೆದು ನೋಡ್ಬಹುದು. ಯಾಕೆ ಜಾಸ್ತಿ ಅಂದ್ರೆ, ಅವನ್ನೆಲ್ಲ ಅಳೆದಿದ್ದು ಈ ಸ್ಕೇಲಲ್ಲಿ. ಇದರ ತುದಿ ಸವೆದಿದೆ.”

ಸಭೆಯಲ್ಲಿ ಗುಸುಗುಸು ಎದ್ದಿತು. ಮೇಡಂ ಮುಂದಿನ ಮಾತಿಗೆ ಉಸಿರೆಳೆದುಕೊಂಡರು. ಇದು ನನ್ನಪ್ಪನ ಸ್ಕೇಲು, ಅಳೆದವಳು ನಾನು. ಇಷ್ಟೇ ಹೇಳಬೇಕಿತ್ತು. ಅಷ್ಟರಲ್ಲಿ ಗುರುಗಳು ಕುರ್ಚಿಯಿಂದ ಎದ್ದರು. ಅರವತ್ತು ವರ್ಷ ಸಭೆಗಳನ್ನು ಆಡಿಸಿದ ಮನುಷ್ಯ. ಒಂದು ಕ್ಷಣ ಬಿಳಿಚಿದ ಮುಖದ ಮೇಲೆ ಮರುಕ್ಷಣವೇ ನಗು ಅರಳಿತು.

“ಅಯ್ಯೋ, ನನ್ನ ಹಳೇ ಸ್ಕೇಲು!” ಎಂದು ಎರಡೂ ಕೈ ಎತ್ತಿದರು. “ಎಷ್ಟು ವರ್ಷದಿಂದ ಹುಡುಕ್ತಿದ್ದೆ! ಈ ಹುಡುಗಿಗೆ ಕೊಟ್ಟಿದ್ದೆ ಅನ್ನೋದೇ ಮರೆತುಹೋಗಿತ್ತು. ನೋಡಿ, ಜೋಪಾನವಾಗಿ ಇಟ್ಕೊಂಡಿದ್ದಾಳೆ!”

ಚಪ್ಪಾಳೆಯೋ ಚಪ್ಪಾಳೆ. ಗುರುವಿನ ಸ್ಕೇಲು ಕಾಪಾಡಿದ ಶಿಷ್ಯೆ! ಮುಂದಿನ ಸಾಲಿನ ಒಬ್ಬ ಮುದುಕಿ ಕಣ್ಣು ಒರೆಸಿಕೊಂಡಳು. ಮೇಡಂ ಮೂರನೆಯ ಸಾಲಿನತ್ತ ನೋಡಿದರು. ಆ ಸ್ಕೇಲು ಯಾರದು ಎಂದು ಆ ಸಭೆಯಲ್ಲಿ ಯಜಮಾನರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಾವನ ಬೈಂಡಿಂಗ್ ಅಂಗಡಿಯಲ್ಲಿ ಅವರೇ ಎಷ್ಟೋ ಸಲ ಅದರಿಂದ ಬೆನ್ನು ಕೆರೆದುಕೊಂಡಿದ್ದರು. ಎದ್ದು ‘ಅದು ನಮ್ಮ ಮಾವಂದು’ ಎಂದರೆ ಸಾಕಿತ್ತು. ಮೂರು ಪದ. ಯಜಮಾನರು ಹೆಂಡತಿಯ ಕಣ್ಣು ನೋಡಿದರು, ಗುರುಗಳನ್ನು ನೋಡಿದರು, ಸುತ್ತಲಿನವರನ್ನು ನೋಡಿದರು. ಆಮೇಲೆ ಅವರೂ ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಮೇಡಂ ಸಿದ್ಧ ಮಾಡಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. ಗುರುಗಳು ಹತ್ತಿರ ಬಂದು ಸ್ಕೇಲಿಗೆ ಕೈಚಾಚಿದರು.

“ಸಾರ್, ಒಂದು ಪ್ರಶ್ನೆ.”

ದನಿ ಹಿಂದಿನಿಂದ ಬಂತು. ಭೂತಗನ್ನಡಿ ಎದ್ದು ನಿಂತಿದ್ದ. ಅವನ ಸಂಬಳಕ್ಕೆ ಸಹಿ ಮಾಡುವ ಕೈ ವೇದಿಕೆಯ ಮೇಲಿತ್ತು.

“ಸ್ಕೇಲು ನಿಮ್ದೇ ಅಂದ್ರಿ. ಹಾಗಿದ್ರೆ ಒಂದು ಯಾಕೆ ಕಳೀಲಿಲ್ಲ, ಸಾರ್?”

ಗುರುಗಳ ಕೈ ಗಾಳಿಯಲ್ಲೇ ನಿಂತಿತು.

“ಅದು... ಮುದ್ರಣದೋಷ ಇರ್ಬೇಕಪ್ಪ.”

“ನಲವತ್ಮೂರು ಸಲಾನಾ?”

ಅಲ್ಲಿದ್ದವರೆಲ್ಲ ಪುಸ್ತಕದ ಜನ. ಮುದ್ರಣದೋಷ ಎಂದರೇನು, ಅದು ಎಲ್ಲಿ ಹೇಗೆ ಆಗುತ್ತದೆ, ಎಷ್ಟು ಸಲ ಆಗಬಲ್ಲದು ಎಂಬುದರಲ್ಲೇ ತಲೆ ನೆರೆಸಿಕೊಂಡವರು. ಮೊದಲು ಎರಡನೆಯ ಸಾಲಿನ ಒಬ್ಬರು ಪುಸ್ತಕ ಬಿಡಿಸಿದರು. ಆಮೇಲೆ ಅವರ ಪಕ್ಕದವರು. ಪುಟ ತಿರುವುವ ಸದ್ದು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಗುರುಗಳು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕುರ್ಚಿಯ ತೋಳು ತಡಕಿ ಕೂತರು.

“ನಮ್ಮಪ್ಪಂದು, ಸಾರ್,” ಎಂದರು ಮೇಡಂ. ಮೈಕಿನಲ್ಲಲ್ಲ, ಅವರಿಗೊಬ್ಬರಿಗೇ ಕೇಳುವಷ್ಟು. “ನಿಮಗೂ ಗೊತ್ತಿತ್ತು. ನನ್ನ ಮದುವೇಲಿ ಅವರ ಪಕ್ಕ ನಿಂತಿದ್ರಿ.”

ಗೆದ್ದೆ ಎನ್ನಿಸಲಿಲ್ಲ. ನಂಬಿದ ಇಬ್ಬರೂ ಕೈಕೊಟ್ಟಿದ್ದರು. ಕಳ್ಳ ಎಂದು ಬೈದು ಓಡಿಸಿದವನು ಎದ್ದು ನಿಂತಿದ್ದ. ಇಪ್ಪತ್ತೆರಡು ವರ್ಷ ಅಕ್ಷರಗಳ ಕಾಲು ಅಳೆದವಳಿಗೆ ಪಕ್ಕದಲ್ಲಿದ್ದ ಮನುಷ್ಯರ ಅಳತೆ ಗೊತ್ತಾಗಿರಲಿಲ್ಲ. ಈ ನಾಚಿಕೆ ಆ ಸವೆದ ತುದಿಯದಕ್ಕಿಂತ ದೊಡ್ಡದು.

ಮೇಡಂ ಸ್ಕೇಲನ್ನು ಚೀಲದೊಳಗೆ ಹಾಕಿ ವೇದಿಕೆ ಇಳಿದರು. ಮೂರನೆಯ ಸಾಲಿನಲ್ಲಿ ಯಜಮಾನರು ಕರವಸ್ತ್ರ ಎತ್ತಿಕೊಂಡು, “ಬಾ, ಕೂತ್ಕೋ” ಎಂದು ಕುರ್ಚಿ ಒರೆಸಿದರು. ಮೇಡಂ ನಿಲ್ಲಲಿಲ್ಲ. ಕಟ್ಟಕಡೆಯ ಸಾಲಿನವರೆಗೂ ನಡೆದು ಹೋದರು. ಭೂತಗನ್ನಡಿ ಇನ್ನೂ ನಿಂತೇ ಇದ್ದ.

“ಇಲ್ಲಿ ಯಾರಾದ್ರೂ ಇದ್ದಾರೇನೋ?” ಎಂದು ಅವನ ಪಕ್ಕದ ಕುರ್ಚಿ ತೋರಿಸಿ ಕೇಳಿದರು.

ಅವನು ಬಗ್ಗಿ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ನೆಲಕ್ಕಿಟ್ಟ.